ನೀಲಿ ಕುದುರೆ ನೋಡೋಕೆ ಬಂದೋನು

3-3-2008, ಬೆಳಿಗ್ಗೆ 11

ಕುದುರೆ ಮೇಯ್ಸಿ ಬಂದೆ. ಒಂಬತ್ತನೇ ದಿನ. ಕಂಪ್ಯೂಟರ್ ಕುದುರೆ — ಲದ್ದಿ ಹಾಕಲ್ಲ, ಒದೆಯಲ್ಲ. ಆದ್ರೆ ಒಂದಿನ ಹುಲ್ಲು ತಪ್ಪಿದ್ರೆ ಬಡಕಲಾಗ್ತದಂತೆ.

ಮೊಮ್ಮಗಳು ತನುಜ ಚಿಕ್ಕಬಳ್ಳಾಪುರದ ಹಾಸ್ಟೆಲಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆಗೆ ಓದ್ತಾ ಕೂತವ್ಳೆ. ಹೋಗೋವಾಗ ಚೀಟೀಲಿ ಪಾಸ್‌ವರ್ಡ್ ಬರ್ಕೊಟ್ಟು, ತಾತ, ನಾನು ಬರೋವರ್ಗೂ ನೀನೇ ನೋಡ್ಕೋ, ಯಾರ್ಗೂ ಕೊಡ್ಬೇಡ ಅಂದ್ಳು. ಎರಡು ವರ್ಷ ಆಡಿ ಗೆದ್ದಿರೋ ನೀಲಿ ಕುದುರೆ. ಇಡೀ ಆಟದಲ್ಲಿ ಇನ್ನೂರಿದ್ರೆ ಹೆಚ್ಚಂತೆ.

ಲಾಗಿನ್ — ಲಾಗ ಹಾಕಿ ಇನ್ ಆಗೋದು. ಅರವತ್ತೊಂಬತ್ತಕ್ಕೆ ಲಾಗ ಕಲ್ತೆ. ಒಂದೇ ಬೆರಳು, ಒಂದೊಂದೇ ಅಕ್ಷರ, ಬಾಯಲ್ಲಿ ಹೇಳ್ಕೊಂಡು ಒತ್ತಬೇಕು. ಇಲ್ದಿದ್ರೆ ಮರ್ತೋಗ್ತದೆ.

ಅಫ್ಜಲ್‌ ಸೈಬರಲ್ಲೇ ಕೂರೋದು. ಶಿಡ್ಲಘಟ್ಟದಲ್ಲಿ ಹೆಣ್ಮಕ್ಕಳನ್ನ ಧೈರ್ಯವಾಗಿ ಕಳ್ಸೋ ಸೈಬರ್ ಅಂದ್ರೆ ಇದೊಂದೇ. ಕರ್ಟನ್ ಇಲ್ಲ, ಗೂಡು ಗೂಡು ಥರ ಮರೆ ಇಲ್ಲ. ಸ್ಕ್ರೀನೆಲ್ಲ ರೋಡ್ ಕಡೆ. ಮೂಲೇಲಿ ಅವ್ನ ತಂಗಿ ಸಾಬ್ರೀನ್ ಡಿಟಿಪಿ ಮಾಡ್ಕೊಂಡು ಕೂತಿರ್ತಾಳೆ. ಅಂಗಡಿ ನಡೆಯೋದೇ ಆ ಒಳ್ಳೆ ಹೆಸರಿನ ಮೇಲೆ.

ಇವತ್ತು ಅಫ್ಜಲ್ ಮೌಸ್ ಹೊಟ್ಟೆಗೆ ಚಿಕ್ಕ ಕಾಗದ ಅಂಟಿಸ್ಬಿಟ್ಟೆ. ಬಾಣ ಅಲ್ಲಾಡ್ಲಿಲ್ಲ. ವೈರ್ ಎಲ್ಲಾ ಕಿತ್ತು ನೋಡ್ದ ಪಾಪ. ಇಲಿ ಹೊಟ್ಟೆ ಕೆಟ್ಟೈತೆ ಕಣಪ್ಪ, ಓಮಿನ ಕಾಳು ಕೊಡು ಅಂದೆ.

6-3-2008, ಸಂಜೆ

ಆಟದೊಳಗೆ ಒಬ್ಬ ಗಂಟು ಬಿದ್ದವ್ನೆ. ಹೆಸರು ಚಿಂತಾಮಣಿ ಕಿಂಗ್. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾನೆ. ಕುದುರೆ ಮಾರ್ತೀರಾ ಅಂದ. ಇಂಥವು ನಿಜ ದುಡ್ಡಿಗೇ ಕೈ ಬದಲಾಗ್ತವಂತೆ — ಕತ್ತಿ, ಕುದುರೆ, ರೀಚಾರ್ಜ್ ಕಾರ್ಡಿನ ನಂಬರ್, ಎಲ್ಲಾ. ಇಲ್ದಿರೋ ಕುದುರೆಗೆ ಇರೋ ದುಡ್ಡು.

ಮಾರೋ ಯೋಚ್ನೆ ನಂಗಿಲ್ಲ. ನಂದಲ್ವಲ್ಲ. ಆದ್ರೆ ಮೂವತ್ತೈದು ವರ್ಷ ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ರೇಟು ಕೂಗಿದ ಬಾಯಿ. ನೂಲು ತೆಗೆಯೋ ರೀಲಿಂಗ್ ನಿಲ್ಸಿ ಆರು ವರ್ಷ ಆಯ್ತು, ನಾಲಗೆ ನವೆ ಹೋಗಿಲ್ಲ. ಆಡ್ಸಣ ಅನ್ಕೊಂಡೆ. ಏರ್ಸಿ ಏರ್ಸಿ, ಕೊನೇಲಿ ಮಾರಲ್ಲ ಹೋಗಪ್ಪ ಅನ್ನೋದು. ಚಿಂತೆ ಅವನ್ಗೆ, ಮಣಿ ನಮ್ಗೆ.

ಸುಮ್‌ಸುಮ್ನೆ ನಂಬೋನಲ್ಲ ನಾನು. ಅವ್ರಪ್ಪಂದೂ ರೇಷ್ಮೆ ಅಂದ. ಹಂಗಾದ್ರೆ ನಾಲ್ಕನೇ ಜ್ವರ ಎದ್ದು ಕೊನೇ ಪೊರೆ ಬಿಟ್ಟ ಹುಳ ಎಷ್ಟು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಕ್ಕೆ ಬರ್ತದೆ ಅಂತ ಕೇಳ್ದೆ. ಏಳೆಂಟು ದಿನ ಅಂದ. ಪಾಸು. ಆಮೇಲೆ ನಂಬಿಕೆಗೆ ಇರ್ಲಿ ಅಂತ ಮೊಬೈಲ್ ರೀಚಾರ್ಜ್ ನಂಬರ್ ಕಳ್ಸ್ದ. ಒತ್ತಿ ನೋಡ್ದೆ. ಐವತ್ತು ರೂಪಾಯಿ ಕರೆನ್ಸಿ ಬಂದೇ ಬಿಡ್ತು.

ಅನುಮಾನ ಅರ್ಧ ಹೋಯ್ತು. ಅರ್ಧ ಇಟ್ಕೊಂಡಿದೀನಿ, ನಾಳೆಗೆ.

7-3-2008, ಸಂಜೆ 6

ಇವತ್ತು ಮಜಾ ಬಂತು. ಮೂರು ಸಾವಿರದಿಂದ ಐದಕ್ಕೆ ಏರ್ಸ್ದೆ. ಆರು ಅಂದೆ. ನೋಡ್ದೇನೆ ಹೆಂಗೆ ಹೇಳ್ಲಿ ಯಜಮಾನ್ರೆ, ಒಳಗೆ ಬಂದು ಒಂದ್ಸಲ ಕುದುರೆ ನೋಡಿ ಹೋಗ್ತೀನಿ ಅಂದ.

ನ್ಯಾಯ. ಗೂಡಿನ ರಾಶಿಗೆ ಕೈ ಹಾಕ್ದೇನೆ ಯಾವ ರೀಲರ್ ರೇಟು ಹೇಳ್ದ? ಬುಡದ ತನಕ ಕೈ ಇಳಿಸ್ಬೇಕು, ಒಂದು ಹಿಡಿ ಎತ್ತಿ ಕಿವಿ ಹತ್ರ ಅಲ್ಲಾಡಿಸ್ಬೇಕು, ಒಂದು ಹರಿದು ಒಳಗಿನ ಹುಳ ನೋಡ್ಬೇಕು. ಬೇಡ ಅಂದೋನ ರಾಶಿ ಬುಡದಲ್ಲಿ ಕೆಟ್ಟ ಗೂಡು ಐತೆ ಅಂತಾನೇ ಲೆಕ್ಕ. ನಾನೇ ಎಷ್ಟು ಜನದ ರಾಶಿಗೆ ಕೈ ಹಾಕಿಲ್ಲ. ತನುಜನ ಮಾಲು ಕೆಟ್ಟದ್ದು ಅನ್ನಿಸ್ಕೊಬೇಕಾ?

ಪಾಸ್‌ವರ್ಡ್ ಒತ್ತಿ ಕಳ್ಸ್ದೆ. ಒಂದೊಂದೇ ಅಕ್ಷರ. ಯಾರ್ಗೂ ಕೊಡ್ಬೇಡ ಅಂದಿದ್ಳು — ಕೊಟ್ಟಿಲ್ಲ. ತೋರ್ಸ್ದೆ ಅಷ್ಟೆ.

ನೋಡ್ದ. ಒಳ್ಳೆ ಮಾಲು, ನಾಳೆ ರೇಟು ಹೇಳ್ತೀನಿ ಅಂದ. ಮರ್ಯಾದಸ್ಥ.

ಒತ್ತೋವಾಗ ಅಫ್ಜಲ್ ಬೆನ್ನ ಹಿಂದೆ ಬಂದು ನಿಂತ. ಯಜಮಾನ್ರೆ, ಯಾರ್ಗೆ ಕಳಿಸ್ತಿದೀರ ಅಂದ. ನಿಂಗ್ಯಾಕಪ್ಪ ಅಂದೆ. ಏನೋ ಹೇಳಕ್ಕೆ ಬಂದು, ತನ್ನ ಜಾಗಕ್ಕೆ ವಾಪಸ್ ಹೋದ.

8-3-2008

ಕುದುರೆ ಇಲ್ಲ.

ಒಳಗೇ ಬಿಡ್ತಿಲ್ಲ. ಪಾಸ್‌ವರ್ಡ್ ತಪ್ಪು ಅಂತದೆ. ಹನ್ನೊಂದು ಸಲ ಒತ್ತಿದೆ. ಅಫ್ಜಲ್ ಬಂದು ಒತ್ತಿದ, ಸಾಬ್ರೀನ್ ಒತ್ತಿದ್ಳು. ಯಾರೋ ಬದಲಾಯ್ಸವ್ರೆ ಅಂದ್ಳು. ಅಫ್ಜಲ್ ಆಟದ ಕಂಪ್ನಿಗೆ ಮೇಲ್ ಬರೀತೀನಿ ಅಂತ ಕೂತ, ಅರ್ಧ ಗಂಟೆ ಟೈಪ್ ಮಾಡ್ದ. ನನ್ನ ಮುಖ ನೋಡ್ಲಿಲ್ಲ.

ಕಿಂಗ್‌ಗೆ ತಿಳ್ಸಣ ಅಂದ್ರೆ ಒಳಗೆ ಹೋದ್ರೆ ತಾನೆ. ಪಾಪ, ಕಾಯ್ತಿರ್ತಾನೆ.

9-3-2008

ನಿದ್ದೆ ಇಲ್ಲ. ಯೋಚ್ನೆ ಮಾಡ್ದೆ. ಯಾರ್ಯಾರಿಗೆ ಪಾಸ್‌ವರ್ಡ್ ಗೊತ್ತಿತ್ತು?

ನಮ್ಮನೆಯಾಕೆ ಅಕ್ಕಯ್ಯಮ್ಮ — ಚೀಟಿ ಇದ್ದ ಅಂಗಿ ಒಗೆದವ್ಳೆ. ಆದ್ರೆ ಅವ್ಳಿಗೆ ಟಿವಿ ರಿಮೋಟೇ ಬರಲ್ಲ. ಕಿಂಗ್ — ಅವನು ಗಿರಾಕಿ. ಚೌಕಾಸಿ ಮಾಡೋನು ಕದಿಯಲ್ಲ. ಕದಿಯೋನಿಗೆ ರೇಟ್ಯಾಕೆ? ಮಾರ್ಕೆಟ್ಟಲ್ಲೂ ಅಷ್ಟೆ, ಗೂಡು ಕದೀತಿದ್ದಿದ್ದು ರೇಟು ಕೂಗಿದೋನಲ್ಲ. ಸುಮ್ನೆ ಸುತ್ತಾಡ್ತಿದ್ದೋನು.

ಬೆನ್ನ ಹಿಂದೆ ನಿಂತಿದ್ದೋನು.

ಯಾಕೆ ನಿಂತಿದ್ದ? ಯಾರ್ಗೆ ಅಂತ ಯಾಕೆ ಕೇಳ್ದ? ನಾನು ಬಾಯಲ್ಲಿ ಹೇಳ್ಕೊಂಡೇ ಒತ್ತೋದು, ದಿನಾ ಕೇಳಿಸ್ಕೊಂಡವ್ನೆ. ಮುಖ ಯಾಕೆ ನೋಡ್ಲಿಲ್ಲ?

ಅಫ್ಜಲ್ ಅಪ್ಪ ತಾಜ್ ಪಾಷಾ ಜೊತೆ ನಾನು ಮಾರ್ಕೆಟ್ಟಲ್ಲಿ ಒಂದೇ ತಟ್ಟೇಲಿ ತಿಂದವ್ನು. ಅವ್ನು ಸತ್ತ ಮೇಲೆ ಮಗ ಹಿಂಗಾದ್ನಾ?

14-3-2008, ಮಧ್ಯಾಹ್ನ

ನಲ್ಲಪ್ಪನ ಟೀ ಅಂಗಡೀಲಿ ಬಿಟ್ಟೆ ಒಂದು ಪದ, ನಾನೇ ಕಟ್ಟಿದ್ದು:

ಅಫ್ಜಲ್ ಅಂಗ್ಡೀಲಿ
ಕೂತ್ರೆ ಗೇಮ, ಎದ್ರೆ ನಾಮ.

ನಲ್ಲಪ್ಪ ಟೀ ಸೋಸೋದು ನಿಲ್ಸಿ ನಕ್ಕ. ಏನು ವಿಷ್ಯ ಚೆನ್ನರಾಯಣ್ಣ ಅಂದ್ರು ಎಲ್ರೂ. ಕಳ್ಳ ಅಂತ ನಾನು ಹೇಳ್ಲಿಲ್ಲ. ಆ ಅಂಗಡಿ ಕಂಪ್ಯೂಟರಿಗೆ ಕಿವಿ ಐತೆ, ಏನು ಒತ್ತಿದ್ರೂ ಇಟ್ಕೊಳ್ತದೆ ಅಂದೆ. ಅಷ್ಟೇ.

ನಾನು ಟೀ ಮುಗ್ಸೋ ಹೊತ್ಗೆ ಪಕ್ಕದ ಪಂಕ್ಚರ್ ಅಂಗಡೀಲಿ ಅದನ್ನೇ ಹಾಡ್ತಿದ್ರು. ನನ್ನ ಪದಗಳಲ್ಲಿ ಇದು ಒಳ್ಳೇದು. ಪ್ರಾಸ ಕುದುರ್ತು. ಕುದುರೆ ಹೋದ್ರೂ.

23-3-2008

ನನ್ನ ಪದ ಊರೆಲ್ಲಾ ಆಯ್ತು. ಸ್ಕೂಲು ಬಿಟ್ಟು ಬರೋ ಮಕ್ಕಳೂ ಹೇಳ್ತವೆ. ಚಿಂತಾಮಣಿ ಬಸ್ಸಲ್ಲಿ ಒಬ್ಬ ಹೇಳ್ದ, ಪೂರ್ತಿ ತಪ್ಪಾಗಿ. ತಿದ್ದೋಣ ಅಂತ ಬಾಯಿಗೆ ಬಂದಿತ್ತು.

ಅಫ್ಜಲ್ ಅಂಗಡಿ ಮುಂದೆ ಹೋದೆ, ಒಳಗೆ ಹೋಗ್ಲಿಲ್ಲ. ಆರು ಕಂಪ್ಯೂಟರ್, ಒಬ್ರೂ ಇಲ್ಲ. ಹೆಣ್ಮಕ್ಕಳು ಬರೋದಂತೂ ನಿಂತೇ ಹೋಯ್ತು. ನಮ್ಮ ಮಗಳ ಫೋಟೋ ಗೀಟೋ ಅದ್ರಲ್ಲಿ ಏನಾದ್ರೂ ಐತಾ ಅಂತ ಇಬ್ರು ಅಪ್ಪಂದಿರು ಬಂದು ಸಾಬ್ರೀನ್‌ನ ಗದರ್ಸಿದ್ರಂತೆ. ಅಷ್ಟು ದೂರ ಹೋಗ್ತದೆ ಅಂತ ನಾನು ಅನ್ಕೊಂಡಿರ್ಲಿಲ್ಲ.

ಅವ್ನು ನನ್ನ ನೋಡ್ದ. ನಮಸ್ಕಾರ ಯಜಮಾನ್ರೆ ಅಂದ. ಬೈಲಿಲ್ಲ. ತಪ್ಪಿಲ್ದೋನಾಗಿದ್ರೆ ಬೀದಿಗಿಳಿದು ಬೈಬೇಕಾಗಿತ್ತು ತಾನೆ? ಸುಮ್ನಿರೋದೇ ಸಾಕ್ಷಿ.

ಅಕ್ಕಯ್ಯಮ್ಮ ತೆಲುಗಲ್ಲಿ ಉಗಿದ್ಳು. ಅವ್ಳಿಗೆ ನಿಜ ಸಿಟ್ಟು ಬಂದಾಗ್ಲೇ ತೆಲುಗು ಬರೋದು.

2-4-2008, ಸಂಜೆ

ತನುಜ ಬಂದ್ಳು. ಪರೀಕ್ಷೆ ಚೆನ್ನಾಗಾಯ್ತಂತೆ. ಬ್ಯಾಗ್ ಇಳ್ಸಿ, ತಾತ, ಕುದುರೆ ಹೆಂಗೈತೆ ಅಂದ್ಳು. ಹೇಳ್ದೆ. ಎಲ್ಲಾ ಹೇಳ್ದೆ — ಅಫ್ಜಲ್ ಬೆನ್ನ ಹಿಂದೆ ನಿಂತಿದ್ದೂ, ಕೇಳಿದ್ದೂ. ಗೆದ್ದ ಕೇಸು ಓದೋ ಲಾಯರ್ ಥರ.

ಅಳ್ತಾಳೆ ಅನ್ಕೊಂಡಿದ್ದೆ. ಅಳ್ಲಿಲ್ಲ. ನಿಧಾನಕ್ಕೆ ಕೇಳಿದ್ಳು.

"ತಾತ, ಬೇರೆ ಯಾರ್ಗೂ ಕೊಟ್ಟಿಲ್ವಾ?"

"ಇಲ್ಲಮ್ಮ. ಒಬ್ಬ ಗಿರಾಕಿ ನೋಡ್ಬೇಕು ಅಂದ, ತೋರ್ಸ್ದೆ. ನೋಡ್ಕೊಂಡು ಹೋದ."

"ಹೆಂಗೆ ತೋರ್ಸ್ದೆ?"

"ಹೆಂಗೆ ಅಂದ್ರೆ... ಪಾಸ್‌ವರ್ಡ್ ಕಳ್ಸಿ. ಗೂಡಿನ ರಾಶಿಗೆ ಕೈ ಹಾಕಕ್ಕೆ ಬಿಟ್ಟಂಗೆ."

ನನ್ನ ಪಕ್ಕ ಬಂದು ಕೂತ್ಳು. ಆಮೇಲೆ, "ತಾತ, ಅದು ರಾಶಿಗೆ ಕೈ ಹಾಕೋದಲ್ಲ. ಮನೆ ಬೀಗದ ಕೈ ಕೊಡೋದು. ಅವ್ನು ಒಳಗೆ ಹೋಗಿ ಬೀಗಾನೇ ಬದಲಾಯ್ಸಿದ" ಅಂದ್ಳು.

ರೇಷ್ಮೆ ಹುಳದ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಿದ್ನಲ್ಲಮ್ಮ ಅಂದೆ. ಬಾಯಲ್ಲಿ ಬಂದ್ಮೇಲೆ ನಂಗೇ ಕೇಳಿಸ್ತು, ಎಂಥಾ ಮಾತು ಅದು ಅಂತ.

3-4-2008

ಇನ್ನೂ ಒಪ್ಪಕ್ಕಾಗ್ಲಿಲ್ಲ ನಂಗೆ. ಹುಡುಗಿ ಅಫ್ಜಲ್ ಪರ ಮಾತಾಡ್ತವ್ಳೆ ಅಂತ ಅನುಮಾನ. ಬೆಳಿಗ್ಗೆ ಅವ್ಳೇ ಸೈಬರಿಗೆ ಎಳ್ಕೊಂಡು ಹೋದ್ಳು.

ಅಫ್ಜಲ್ ಇರ್ಲಿಲ್ಲ. ಎರಡು ಕಂಪ್ಯೂಟರ್ ಮಾರಕ್ಕೆ ಗೌರಿಬಿದನೂರಿಗೆ ಹೋಗವ್ನೆ. ಸಾಬ್ರೀನ್ ಒಬ್ಳೇ. ತನುಜ ಕೇಳಿದ್ಕೆ ಡ್ರಾಯರಿಂದ ಮಡಚಿದ ಹಾಳೆ ತೆಗೆದ್ಳು. ಆಟದ ಕಂಪ್ನಿ ಬರೆದ ಉತ್ತರ. ತನುಜ ಓದಿ ಹೇಳಿದ್ಳು: ಏಳನೇ ತಾರೀಕು, ಸಂಜೆ ನಾಲ್ಕು ಹತ್ತು. ಬೇರೆ ಊರಿನ ಕಂಪ್ಯೂಟರಿಂದ, ಮೊದಲನೇ ಸಲಕ್ಕೇ ಸರಿಯಾದ ಪಾಸ್‌ವರ್ಡ್. ಎರಡು ನಿಮಿಷಕ್ಕೆ ಬದಲಾಯ್ಸವ್ರೆ. ಅವತ್ತೇ ಕುದುರೆ ಬೇರೆಯೋರಿಗೆ ಮಾರಿ ಹೋಗೈತೆ. ವಾಪಸ್ ಬರಲ್ಲ.

ನಾಲ್ಕು ಹತ್ತಕ್ಕೆ ನಾನು ಈ ಕುರ್ಚೀಲೇ ಕೂತಿದ್ದೆ. ಕಿಂಗ್ ಒಳ್ಳೆ ಮಾಲು ಅಂದಿದ್ದು ನೋಡಿ ನಗ್ತಾ.

ಹಾಳೆ ಬಂದಿದ್ದು ಹನ್ನೆರಡನೇ ತಾರೀಕು. ನಾನು ಪದ ಕಟ್ಟಿದ್ದು ಹದಿನಾಲ್ಕು. ಎರಡು ದಿನ ಮುಂಚೇನೇ ಅಫ್ಜಲ್‌ಗೆ ಗೊತ್ತು.

"ಯಾಕಮ್ಮ ತೋರ್ಸ್ಲಿಲ್ಲ?" ಅಂದೆ.

ಸಾಬ್ರೀನ್ ಕೀಬೋರ್ಡಿನ ಧೂಳು ಒರೆಸ್ತಾ, "ನಾನು ಟೀ ಅಂಗಡಿ ಮುಂದೆ ಅಂಟಿಸ್ತೀನಿ ಅಂದೆ. ಅಣ್ಣ ಬಿಡ್ಲಿಲ್ಲ. ಯಜಮಾನ್ರೇ ಮೊಮ್ಮಗಳಿಗೆ ಹೇಳ್ಲಿ, ಅಬ್ಬಾ ಜೊತೆ ಇದ್ದೋರು, ಅವ್ರ ತಲೆ ನಾವು ಬಗ್ಗಿಸೋದು ಬೇಡ ಅಂದ" ಅಂದ್ಳು. ಆಮೇಲೆ, "ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ, ತಾತ" ಅಂದ್ಳು.

7-4-2008

ಹಬ್ಬ. ಒಬ್ಬಟ್ಟು ತಿಂದೆ. ರುಚಿ ಗೊತ್ತಾಗ್ಲಿಲ್ಲ.

9-4-2008, ಬೆಳಿಗ್ಗೆ

ನಲ್ಲಪ್ಪನ ಅಂಗಡೀಗೆ ಹೋದೆ. ಹತ್ತು ಹನ್ನೆರಡು ಜನ ಇದ್ರು. ಹೇಳ್ದೆ. ಅಫ್ಜಲ್‌ದು ಏನೂ ತಪ್ಪಿಲ್ಲ ಕಣ್ರಪ್ಪ, ನಾನೇ ಯಾವನೋ ಒಬ್ಬನಿಗೆ ಪಾಸ್‌ವರ್ಡ್ ಕೊಟ್ಟು ಹಾಳು ಮಾಡ್ಕೊಂಡೆ, ಸುಳ್ಳು ಹಬ್ಬಿಸ್ದೆ.

ಗೊಳ್ ಅಂತ ನಕ್ರು.

ನಿಜ ಕಣ್ರೋ ಅಂದೆ. ಇನ್ನೂ ನಕ್ರು. ನಲ್ಲಪ್ಪ ಕಣ್ಣೊರೆಸ್ಕೊಂಡು, ಮುಂದಿನ ಸಾಲು ಹೇಳಣ್ಣ, ಪ್ರಾಸ ಎಲ್ಲಿ ಅಂದ. ಸಾಬ್ರೀನ್ ಕೊಟ್ಟಿದ್ದ ಹಾಳೆ ತೋರ್ಸ್ದೆ. ಇಂಗ್ಲಿಷು. ಇದನ್ನ ಸಾಬ್ರೀನ್ ಹತ್ರ ಟೈಪ್ ಮಾಡಿಸ್ದ್ಯಾ ಅಂತ ಒಬ್ಬ. ಅಫ್ಜಲ್ ಎಷ್ಟು ಕೊಟ್ಟ ಅಂತ ಇನ್ನೊಬ್ಬ. ಅವ್ನು ನಗ್ತಿರ್ಲಿಲ್ಲ.

ನಲವತ್ತು ವರ್ಷ ಇವ್ರನ್ನ ಬಕ್ರಾ ಮಾಡಿದೀನಿ. ಸುಳ್ಳು ಹೇಳಿದಾಗೆಲ್ಲ ನಂಬಿದ್ರು.

10-4-2008, ಬೆಳಿಗ್ಗೆ 10

ಅಫ್ಜಲ್ ಅಂಗಡೀಲೇ ಕೂತು ಬರೀತಿದೀನಿ. ಬಾಗ್ಲ ಹತ್ರದ ಮೊದಲನೇ ಕುರ್ಚಿ, ರೋಡಿಗೆ ಕಾಣೋದು. ಪಕ್ಕದಲ್ಲಿ ತನುಜನ ಕೂರ್ಸಿದೀನಿ. ಬಾಯಿ ಮಾತು ನಂಬಲ್ವಾ, ದಿನಾ ಬಂದು ಕೂರ್ತೀವಿ, ಕಣ್ಣಾರೆ ನೋಡ್ಲಿ ಅಂತ. ರೋಡಲ್ಲಿ ಹೋಗೋರು ನಿಂತು ನೋಡ್ತವ್ರೆ. ಒಳಗೆ ಯಾರೂ ಬಂದಿಲ್ಲ ಇನ್ನೂ.

ನಾಲ್ಕೇ ಕಂಪ್ಯೂಟರ್ ಉಳ್ದವೆ.

ಅಫ್ಜಲ್‌ಗೆ ತಪ್ಪಾಯ್ತು ಕಣಪ್ಪ ಅಂದೆ. ಪ್ರಾಸ ಇಲ್ದೆ. ಟೀ ತರಿಸ್ಲಾ ಯಜಮಾನ್ರೆ ಅಂದ. ಟೀ ಬಂತು. ಅವ್ನು ಕುಡೀಲಿಲ್ಲ.

ಹೊಸದಾಗಿ ಶುರು ಮಾಡಣ ತಾತ, ನಿನ್ನ ಹೆಸರಲ್ಲೇ ಅಂತ ತನುಜ ತೆರೆದ್ಳು. ಸಿ, ಎಚ್, ಇ, ಎನ್ — ಒತ್ತಿದೆ. ಆಮೇಲೆ ಪಾಸ್‌ವರ್ಡ್ ಕೇಳ್ತು. ಅಫ್ಜಲ್ ಪಟ್ಟಂತ ಎದ್ದು ಗೋಡೆ ಕಡೆ ತಿರುಗಿ ನಿಂತ. ಎರಡು ಕೈಯಲ್ಲೂ ಕಿವಿ ಮುಚ್ಕೊಂಡ.

ಬೇಡಪ್ಪ, ತಿರುಗು ಅಂದೆ. ಕೇಳಿಸ್ಲಿಲ್ಲ ಅವ್ನಿಗೆ. ಇನ್ನೂ ಹಂಗೇ ನಿಂತವ್ನೆ. ನಾನು ಒತ್ತೋದು ಬಿಟ್ಟು ಇದನ್ನ ಬರೀತಾ ಕೂತಿದೀನಿ.