ಗಂಜಿ ಹಾಕಬಾರದ ಬಟ್ಟೆ

ಜುಲೈ 6, ಸೋಮವಾರ. ಬೆಳಿಗ್ಗೆ 10

ಚಿಕ್ಕ ಬಟ್ಟೆ ಒಂಬತ್ತು, ಟವೆಲ್ ಎರಡು, ಚರ್ಚಿನ ಪೀಠಕ್ಕೆ ಹಾಸುವ ದೊಡ್ಡ ಬಟ್ಟೆ ಒಂದು. ಒಗೆದಾಯಿತು. ಚಿಕ್ಕವುಗಳ ಮೊದಲ ನೀರು ಗಿಡದ ಬುಡಕ್ಕೆ. ಪೂಜೆಯ ದ್ರಾಕ್ಷಾರಸದ ಪಾತ್ರೆ ಒರೆಸಿದ ಬಟ್ಟೆ, ಆ ನೀರು ಚರಂಡಿಗೆ ಹೋಗಬಾರದು. ಗಂಜಿ ದೊಡ್ಡದಕ್ಕೆ ಮಾತ್ರ. ಚಿಕ್ಕದಕ್ಕೆ ಹಾಕಿದರೆ ಮುಗಿಯಿತು, ಒಂದು ಹನಿಯನ್ನೂ ಹೀರುವುದಿಲ್ಲ.

ಈ ಕೆಲಸ ಹಿಡಿದು ಮೂವತ್ತೊಂದು ವರ್ಷ. ಇಸ್ತ್ರಿ ಅಂಗಡಿ ಮಗನಿಗೆ ಬಿಟ್ಟುಕೊಟ್ಟೆ. ಚರ್ಚಿನ ಬಟ್ಟೆ ಮಾತ್ರ ಬಿಟ್ಟಿಲ್ಲ.

ನಿನ್ನೆ ಫಾದರ್ ಎಲ್ಲರಿಗೂ ಫಾರ್ಮ್ ಹಂಚಿದರು. ‘ನಿಮ್ಮ ಸಮಯ, ಹಣ ಚರ್ಚಿಗೆ ಯಾಕೆ ಕೊಡುತ್ತೀರಿ? ಐದು ಸಾಲು ಬರೆಯಿರಿ.’ ಆಗಸ್ಟ್ ಮೊದಲ ಭಾನುವಾರ ಪೂಜೆಯಲ್ಲಿ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾರಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಐದು ಸಾಲು! ಬಟ್ಟೆ ಕೊಳೆಯಾಗುತ್ತದೆ, ಒಗೆಯುತ್ತೇನೆ. ಇದರಲ್ಲಿ ಯಾಕೆ ಏನು ಬಂತು?

ಹೆಂಡತಿಗೆ ತೋರಿಸಿದೆ. ಇವಳಂದಳು, “ಬರೀರಿ, ಮನೇಲಿ ಕುಡಿದ ಲೋಟ ಎತ್ತಿಡಲ್ಲ, ಅಲ್ಲಿ ಮಾತ್ರ ಒಗೀತೀನಿ ಅಂತ.”

ಜುಲೈ 8, ಬುಧವಾರ

ತಲೆ ಕೆಟ್ಟಿದೆ. ಆ ಯಮ್ಮ ಹಿಂದಿನ ಬೀದಿಯಲ್ಲಿರುವ ತನ್ನ ಮಗಳ ಮನೆಗೆ ಬಂದು ನಾಲ್ಕು ತಿಂಗಳಾಗಿಲ್ಲ, ಆಗಲೇ ಎಲ್ಲರ ಬಾಯಲ್ಲೂ ನರ್ಸಮ್ಮ, ನರ್ಸಮ್ಮ. ರಿಟೈರಾದ ನರ್ಸು. ಮನೆಯಲ್ಲಿ ಕೂತು ಟಿವಿ ನೋಡಬಾರದಾ?

ಫಾದರ್ ಕರೆಸಿದರು. ನರ್ಸಮ್ಮ ಅಲ್ಲೇ ನಿಂತಿದ್ದಳು. “ತಾತ, ನಿಮಗೂ ಮಂಡಿ ನೋವು. ಇವರು ಏನಾದ್ರೂ ಕೆಲಸ ಕೊಡಿ ಅಂತಿದ್ದಾರೆ. ಈ ವಾರ ದೊಡ್ಡ ಬಟ್ಟೆ ಅವರೇ ಮಾಡ್ಲಿ.”

“ನಾನೇನು ಮಂಡೀಲಿ ಇಸ್ತ್ರಿ ಮಾಡ್ತೀನಾ ಫಾದರ್?”

ನಕ್ಕರು. ಆ ಯಮ್ಮನೂ ನಕ್ಕಳು.

ಚರ್ಚಿನ ಬಟ್ಟೆ ಇಡುವ ಬೀರುವಿಗೆ, ನನ್ನ ಕೀಲಿ ಇಸ್ಕೊಂಡು ಎರಡನೆಯದು ಮಾಡಿಸಿ ಅವಳಿಗೆ ಕೊಟ್ಟರು, ನನ್ನ ಕಣ್ಣೆದುರೇ. ಇಷ್ಟು ವರ್ಷ ಆ ಬೀರುವಿಗೆ ಇದ್ದದ್ದು ಒಂದೇ ಕೀಲಿ, ನನ್ನ ಜೇಬಿನಲ್ಲಿ.

ಜುಲೈ 12, ಭಾನುವಾರ

ಪೀಠದ ಬಟ್ಟೆ ಹಾಲಿನ ಹಾಗೆ. ಮಡಿಕೆಯ ಗೆರೆ ಸ್ಕೇಲಿಟ್ಟು ಎಳೆದ ಹಾಗೆ. ನನ್ನ ಕೈಯಲ್ಲಿ ಅಷ್ಟು ಬೆಳ್ಳಗೆ ಯಾವತ್ತೂ ಆಗಿಲ್ಲ…

ಹಾಡಿನ ಟೀಚರ್ ಮುಟ್ಟಿ ಮುಟ್ಟಿ ನೋಡಿದಳು. “ಈಗ ನೋಡಿ, ಪೀಠಕ್ಕೆ ಕಳೆ ಬಂತು!” ಈಗ ಬಂತಂತೆ. ಮೊದಲೇನು ಗೋಣಿಚೀಲ ಹಾಸಿದ್ದೆನಾ?

ಫಾದರ್ ಮೈಕಿನಲ್ಲೇ ಥ್ಯಾಂಕ್ಸ್ ಹೇಳಿದರು. ನನಗೆ ಒಂದು ದಿನ ಹೇಳಿದ್ದಿಲ್ಲ. ಹೇಳಲಿ ಅಂತ ಒಗೆದವನೂ ಅಲ್ಲ ನಾನು. ಆದರೂ.

ಮುಂದಿನ ವಾರ ಚಿಕ್ಕದೂ ಸೇರಿಸಿ ಪೂರ್ತಿ ಅವಳದೇ. ನಾನು ರೆಸ್ಟ್ ತಗೋಬೇಕಂತೆ. ಫಾರ್ಮನ್ನೂ ಆಗಲೇ ಕೊಟ್ಟುಬಿಟ್ಟಿದ್ದಾಳೆ, ಐದು ಸಾಲು ಸಾಲದೆ ಹಿಂದೆ ತಿರುಗಿಸಿಯೂ ಬರೆದಿದ್ದಾಳಂತೆ.

ಜುಲೈ 15, ಬುಧವಾರ. ಮಧ್ಯಾಹ್ನ

ನರ್ಸಮ್ಮ ಮನೆಗೇ ಬಂದಳು. ಒಳಗೆ ಬಾ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

“ಅಣ್ಣಾ, ಒಂದು ಡೌಟು. ಚಿಕ್ಕ ಬಟ್ಟೆಗೂ ಗಂಜಿ ಹಾಕ್ತೀರಾ?”

ಒಂದೇ ಮಾತು. ಬೇಡ ಅಂದರೆ ಆಗಿತ್ತು.

“ಆಸ್ಪತ್ರೇಲಿ ಅಷ್ಟು ವರ್ಷ ಇದ್ದೋರು ನೀವು. ನಿಮಗೆ ಗೊತ್ತಿಲ್ದೆ ಇರುತ್ತಾ? ನಿಮ್ಮಿಷ್ಟ.”

“ಸರಿ ಅಣ್ಣಾ” ಅಂದು ಹೋದಳು. ಇವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸದ್ದು ನಿಂತಿತ್ತು.

ಜುಲೈ 18, ಶನಿವಾರ. ಸಂಜೆ 5

ಬೀರು ತೆಗೆದು ನೋಡಿ ಬಂದೆ. ಒಂಬತ್ತೂ ಇಸ್ಪೀಟ್ ಎಲೆಯ ಹಾಗೆ ನೆಟ್ಟಗೆ. ಬೆರಳಲ್ಲಿ ತಟ್ಟಿದರೆ ಟಕ್ ಅನ್ನುತ್ತವೆ.

ನಾನು ಒಗೆದ ಹಳೆಯ ಸೆಟ್ ಮನೆಯ ಟ್ರಂಕಿನಲ್ಲಿದೆ. ಹೋಗಿ ತರಲು ಹತ್ತು ನಿಮಿಷ. ತಂದಿಟ್ಟರೆ ಯಾರಿಗೂ ತಿಳಿಯುವುದಿಲ್ಲ… ಅವಳ ತಪ್ಪು ಯಾರಿಗೂ ತಿಳಿಯುವುದಿಲ್ಲ, ಅದೇ.

ಬೀಗ ಹಾಕಿ ಬಂದೆ.

ಜುಲೈ 19, ಭಾನುವಾರ

ಆಯಿತು.

ಪರಮಪ್ರಸಾದ ಮುಗಿಯಿತು. ಫಾದರ್ ಪಾತ್ರೆ ಒರೆಸಲು ಚಿಕ್ಕ ಬಟ್ಟೆ ತೆಗೆದುಕೊಂಡರು. ಬಟ್ಟೆ ಬಾಗಲೇ ಇಲ್ಲ. ಒತ್ತಿದರು. ಪಾತ್ರೆ ಜಾರಿತು, ತಳದಲ್ಲಿ ಉಳಿದಿದ್ದ ರಸ ಬಟ್ಟೆಯ ಮೇಲೆ ಎಣ್ಣೆಕಾಗದದ ಮೇಲೆ ಹರಿದ ಹಾಗೆ ಹರಿದು ಪೀಠಕ್ಕೆ ಬಿತ್ತು. ಎರಡನೆಯದು ತೆಗೆದುಕೊಂಡರು, ಅದೂ ಹಾಗೇ. ಹಾಲಿನಂಥ ಬಟ್ಟೆಯ ನಡುವೆ ಅಂಗೈ ಅಗಲ ಕೆಂಪು. ನಾನು ನೋಡಿದ್ದು ಕಲೆಯನ್ನಲ್ಲ, ಆ ಯಮ್ಮನ ಮುಖ.

ಪೂಜೆಯಾದ ಮೇಲೆ ಒಳಗಿನ ಕೋಣೆಯಲ್ಲಿ ಫಾದರ್ ಚಿಕ್ಕ ಬಟ್ಟೆ ಎತ್ತಿ ಹಿಡಿದರು. “ಇದಕ್ಕೆ ಯಾರಾದ್ರೂ ಗಂಜಿ ಹಾಕ್ತಾರಾ? ತಾತನ್ನ ಒಂದು ಮಾತು ಕೇಳೋಕೆ ಆಗ್ಲಿಲ್ವಾ ನಿಮಗೆ?”

ಅವಳು ನನ್ನ ಕಡೆ ನೋಡಿದಳು. ಒಂದೇ ಸಲ.

“ಇಲ್ಲ ಫಾದರ್. ಕೇಳ್ಬೇಕಿತ್ತು, ಕೇಳ್ಲಿಲ್ಲ. ನಂದೇ ತಪ್ಪು.”

ಕೀಲಿ ಮೇಜಿನ ಮೇಲಿಟ್ಟು ಹೋದಳು. ಫಾದರ್ ಅದನ್ನು ನನ್ನ ಕೈಗೆ ಹಾಕಿದರು. “ನೀವೇ ನೋಡ್ಕೊಳ್ಳಿ ತಾತ. ನಿಮ್ಮ ಹಾಗೆ ಯಾರಿಗೂ ಬರಲ್ಲ.”

ಬೇಕಿದ್ದದ್ದು ಅದೇ ಮಾತು.

ಜುಲೈ 27, ಸೋಮವಾರ

ಎಂಟು ದಿನ ಬರೆಯಲಿಲ್ಲ. ಕಲೆ ಹೋಗಿಲ್ಲ. ಸಿಟ್ಟಿನಲ್ಲಿ ಒದ್ದೆ ಬಟ್ಟೆಗೇ ಇಸ್ತ್ರಿ ಎಳೆದೆ, ಕೆಂಪಿದ್ದದ್ದು ಕಂದಾಗಿ ಕೂತಿದೆ. ಐವತ್ತು ವರ್ಷ ಇಸ್ತ್ರಿ ಮಾಡಿದವನು ಮಾಡುವ ಕೆಲಸವಾ!

ನಿನ್ನೆ ನರ್ಸಮ್ಮ ಪೂಜೆಗೆ ಬರಲಿಲ್ಲ. ಹಾಡಿನ ಟೀಚರ್ ಕೈತಿರುವಿ ಹೇಳಿದಳು, “ಹೊಸಬರ ಉತ್ಸಾಹ ಇಷ್ಟೇ ಬಿಡಿ.” ನಾನು ತಲೆ ಬಗ್ಗಿಸಿ ಚಿಕ್ಕ ಬಟ್ಟೆ ಎಣಿಸಿದೆ.

ಫಾದರ್ ಅಂದರು, “ತಾತ, ಫಾರ್ಮ್ ನಿಮ್ಮದೊಂದೇ ಬಾಕಿ. ಮುಂದಿನ ಭಾನುವಾರ ಬೆಳಿಗ್ಗೆ ಆದ್ರೂ ತನ್ನಿ.”

ಊಟಕ್ಕೆ ಕೂತಾಗ ಇವಳು ಬಾಯಿ ಬಿಟ್ಟಳು. “ಆ ಹೆಂಗಸು ಕೇಳಿದ್ದು ನನ್ನ ಕಿವಿಗೂ ಬಿತ್ತು ಕಣ್ರೀ.”

“ಅವತ್ತೇ ಹೇಳ್ಬೇಕಿತ್ತು.”

“ನೀವು ಹೇಳ್ತೀರಿ ಅಂತ ಕಾದೆ.”

ಜೇಬಿನಲ್ಲಿ ಎರಡು ಕೀಲಿ. ನಡೆದರೆ ಒಂದಕ್ಕೊಂದು ತಾಗಿ ಸದ್ದು.

ಆಗಸ್ಟ್ 1, ಶನಿವಾರ. ಮಧ್ಯಾಹ್ನ 3

ಕಲೆಯ ಬಟ್ಟೆ, ಕೀಲಿ ಹಿಡಿದು ಅವರ ಮನೆಗೆ ಹೋದೆ. ಒಳಗೆ ಕರೆದರು, ಕುರ್ಚಿ ಒರೆಸಿ ಕೊಟ್ಟರು. ಬಟ್ಟೆ ಬಿಡಿಸಿ ಬೆಳಕಿಗೆ ಹಿಡಿದರು.

“ಕಲೆ ಮೇಲೆ ಇಸ್ತ್ರಿ ಮಾಡಿದ್ರಾ? ನೀವಾ ಅಣ್ಣಾ?”

“ಮಾಡಿದೆ. ಬುದ್ಧಿ ಸತ್ತಿತ್ತು.”

ಅದೇನೋ ಬಾಟಲಿಯ ಔಷಧಿ ಬಿಟ್ಟು, ತಣ್ಣೀರಲ್ಲಿ ನೆನೆಸಿದರು. ಆಸ್ಪತ್ರೆಯಲ್ಲಿ ರಕ್ತಕ್ಕೆ ಹೀಗೇ ಮಾಡುತ್ತಿದ್ದರಂತೆ. ನೋಡುತ್ತಿದ್ದ ಹಾಗೆ ಕಲೆ ಕರಗಿತು. ಆ ನೀರನ್ನು ಕೇಳದೆಯೇ ಗಿಡದ ಬುಡಕ್ಕೆ ಹಾಕಿದರು. ನನಗೆ ಆಗಲೂ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.

“ಯಾಕೆ ನನ್ನ ಹೆಸರು ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮ ಕೈಯಿಂದ ಬಟ್ಟೆ ಹೋಗ್ತಿತ್ತು. ಕೆಲಸ ಇಲ್ದೆ ಕೂರೋದು ಹೇಗಿರುತ್ತೆ ಅಂತ ನನಗೆ ಗೊತ್ತು ಅಣ್ಣಾ.”

ಕೀಲಿ ಚಾಚಿದೆ. ತಗೊಳ್ಳಲಿಲ್ಲ. “ಬೇಡ. ಅಷ್ಟು ಜನದ ಮುಂದೆ ಆಗಿದ್ದು. ಮತ್ತೆ ಯಾವ ಮುಖ ಇಟ್ಕೊಂಡು ಬರ್ಲಿ?”

ಆಗಸ್ಟ್ 2, ಭಾನುವಾರ. ಬೆಳಿಗ್ಗೆ 6.30

ಇವಳು ನರ್ಸಮ್ಮನನ್ನು ಕರೆತರಲು ಹೋಗಿದ್ದಾಳೆ. “ಕೊನೇ ಬೆಂಚಲ್ಲಾದ್ರೂ ಕೂರಿಸ್ತೀನಿ, ನಿಮ್ಮ ಕೆಲಸ ನೀವು ಮಾಡಿ” ಅಂದಳು.

ಇವತ್ತು ಪೂಜೆಯಲ್ಲಿ ಓದಬೇಕಾದ ಫಾರ್ಮ್ ಮುಂದಿದೆ. ಇಲ್ಲಿ ಮೊದಲು ಬರೆದು ನೋಡಿ, ಆಮೇಲೆ ಅದರಲ್ಲಿ ಬರೆಯುತ್ತೇನೆ. ಯಾಕೆ ಕೊಡುತ್ತೀರಿ? ಐದು ಸಾಲು.

ಒಂದು — ಗಂಜಿ ಹಾಕಬೇಕಾ ಅಂತ ನರ್ಸಮ್ಮ ನನ್ನನ್ನು ಕೇಳಿದ್ದರು.

ಎರಡು — ಗೊತ್ತಿದ್ದೂ ನಾನು ಹೇಳಲಿಲ್ಲ.

ಮೂರು — ಆ ಬೀರುವಿನ ಕೀಲಿ ನನ್ನೊಬ್ಬನ ಜೇಬಿನಲ್ಲೇ ಇರಲಿ ಅಂತ ಮೂವತ್ತೊಂದು ವರ್ಷ

ಚರ್ಚಿನ ಗಂಟೆ ಹೊಡೆಯಿತು. ಇನ್ನೂ ಎರಡು ಸಾಲು…