ಅತ್ತೆ ಹೇಳದೆ ಇಟ್ಟುಕೊಂಡ ಸ್ಟೆಂಟ್

ಆಸ್ಪತ್ರೆ, ಹೆಂಗಸರ ವಾರ್ಡು
ಮಂಗಳವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ, ತುಂಬಾ ತುಂಬಾ ಪ್ರೀತಿಯ ನನ್ನವರೇ,

ಹೇಗಿದ್ದೀರಿ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಕರಗಿ ಅರ್ಧವಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ನಾನು ಚೆನ್ನಾಗಿದ್ದೇನೆ. ಮದುವೆಯಾಗಿ ನಲವತ್ತೊಂದು ದಿನ, ನೀವು ಹೊರಟು ಹತ್ತೊಂಬತ್ತು ದಿನ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರ ನೋಡಿ ನಗಬೇಡಿ, ಪ್ಲೀಸ್!

ಗಾಬರಿಯಾಗದೆ ಓದಿ: ಅತ್ತೆ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇದ್ದಾರೆ, ಚೇತರಿಸಿಕೊಳ್ಳುತ್ತಿದ್ದಾರೆ. ಹೋದ ವಾರ ಉರಿಮೂತ್ರ ಎಂದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದರು. ಮಾಮೂಲಿ ಸೋಂಕು ಎಂದು ಮಾತ್ರೆ ಕೊಟ್ಟರು. ಮೂರನೇ ದಿನ ಹಲ್ಲು ಕಟಕಟ ಎನ್ನುವಷ್ಟು ಚಳಿಜ್ವರ, ಬೆನ್ನಿನ ಒಂದು ಪಕ್ಕ ನೋವು. ನನಗೆ ಅನುಮಾನ ಬಂತು. ರೋಗಿಗಳ ಫೈಲು ಓದಿ ಕಾಯಿಲೆಗಳಿಗೆ ಕೋಡ್ ನಂಬರು ಹಾಕುವ ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಡಾಕ್ಟರ ಬರಹ ಅರ್ಧಂಬರ್ಧ ಇದ್ದರೆ ಪ್ರಶ್ನೆ ಕೇಳಬೇಕು, ಆದರೆ ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಬಾರದು. ಹಾಗಾಗಿ ಅತ್ತೆಯ ಹಾಸಿಗೆಯಂಚಿನಲ್ಲಿ ಕೂತು ಕೇಳಿದೆ, "ಅತ್ತೆ, ಕಿಡ್ನಿ ಕಲ್ಲು ತೆಗೆಸಿದಾಗ ಏನೇನಾಯ್ತು, ಮೊದಲಿಂದ ಹೇಳಿ." ಅತ್ತೆ ಹೇಳಿದರು, "ಒಳಗೆ ಒಂದು ಸಣ್ಣ ಪೈಪು ಬಿಟ್ಟಿದಾರಮ್ಮ. ತಿಂಗಳಿಗೆ ಬನ್ನಿ, ತೆಗೀತೀವಿ ಅಂದಿದ್ರು. ನಿಮ್ಮ ಮದುವೆ ಓಡಾಟ ಇತ್ತಲ್ಲ, ಇದ್ರೆ ಇರ್ಲಿ ಅಂತ ಬಿಟ್ಟೆ." ಐದು ತಿಂಗಳು, ರೀ! ನಮ್ಮ ಮದುವೆ ಫೋಟೋಗಳಲ್ಲೆಲ್ಲ ಆ ಪೈಪು, ಅಂದರೆ ಸ್ಟೆಂಟ್, ಒಳಗಿಟ್ಟುಕೊಂಡೇ ನಗುತ್ತಾ ನಿಂತಿದ್ದಾರೆ!

ಬಟ್ಟೆ ಕೂಡ ಬದಲಿಸದೆ ಆಟೋ ಹತ್ತಿಸಿದೆ. ಇಲ್ಲಿ ಮೂತ್ರ, ರಕ್ತ ಎರಡನ್ನೂ ಯಾವ ಕ್ರಿಮಿ ಎಂದು ಪತ್ತೆಹಚ್ಚುವ ಕಲ್ಚರ್ ಪರೀಕ್ಷೆಗೆ ಕಳಿಸಿ, ಸ್ಕ್ಯಾನ್ ಮಾಡಿ, ಡ್ರಿಪ್ಪಿನಲ್ಲಿ ಔಷಧ ಶುರುಮಾಡಿದರು. ಎರಡು ದಿನದಲ್ಲಿ ಲ್ಯಾಬಿನಿಂದ ವರದಿ ಬಂತು: ಕ್ಲಿನಿಕ್ಕಿನ ಮಾತ್ರೆಗೆ ಆ ಕ್ರಿಮಿ ಸೊಪ್ಪೇ ಹಾಕುವುದಿಲ್ಲ. ಡ್ರಿಪ್ಪಿನ ಔಷಧವನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಿದರು, ನಿನ್ನೆಯಿಂದ ಜ್ವರವಿಲ್ಲ. ಮನೆಯವರ ಫೈಲನ್ನು ನಾನು ಮುಟ್ಟುವಂತಿಲ್ಲ, ಅದು ಪಕ್ಕದ ಮೇಜಿನ ಅಕ್ಕನಿಗೆ ಹೋಗುತ್ತದೆ. "ಬರೀ ಮೂತ್ರದ ಸೋಂಕು ಅಂತ ಬರೆದ್ರೆ ಒಂದು ಕೋಡು, ಸ್ಟೆಂಟಿಂದ ಬಂದದ್ದು ಅಂತ ಡಾಕ್ಟ್ರೇ ಬರೆದ್ರೆ ಇನ್ನೊಂದು. ನಾನು ಬರೆಸ್ದೆ ಬಿಡ್ತೀನಾ? ನೀನು ಹೋಗಿ ಸೊಸೆ ಕೆಲ್ಸ ಮಾಡು," ಎಂದು ನನ್ನನ್ನು ಓಡಿಸಿದಳು. ಮಾಡುತ್ತಿದ್ದೇನೆ, ಬಹಳ ಚೆನ್ನಾಗಿ ಮಾಡುತ್ತಿದ್ದೇನೆ! ಗಂಟೆಗೊಂದು ಲೋಟ ನೀರು ಕುಡಿಸುತ್ತೇನೆ, ಅವರು ನನ್ನನ್ನು "ಪೊಲೀಸಮ್ಮ" ಎನ್ನುತ್ತಾರೆ.

ನಿಮಗೆ ಅತ್ತೆಯ ಆಶೀರ್ವಾದ, ನನ್ನದು ಉಳಿದದ್ದೆಲ್ಲ.

ನಿಮ್ಮ ಹೊಚ್ಚಹೊಸ ಹೆಂಡತಿ

ತಾ.ಕ.: ಹಡಗಿನ ಕಂಪನಿಯವರು ಇದನ್ನು ಇವತ್ತೇ ನಿಮಗೆ ಮೇಲ್ ಮಾಡುತ್ತಾರಂತೆ. ಶುಕ್ರವಾರ ಬೆಳಿಗ್ಗೆ ಸ್ಟೆಂಟ್ ತೆಗೆಯಬೇಕು, ಅದು ಒಳಗಿದ್ದರೆ ಸೋಂಕು ಮತ್ತೆ ಬರುತ್ತದೆ. ಆದರೆ ಅತ್ತೆಗೆ ಭಯ. "ಮಗ ಬರ್ಲಿ, ಆಮೇಲೆ ನೋಡೋಣ," ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಿಲ್ಲ. ನೀವು ಬರುವುದು ಇನ್ನೆರಡು ತಿಂಗಳಿಗೆ. ಗುರುವಾರ ಬಂದರಿನಲ್ಲಿ ನಿಮಗೆ ಸಿಗುವುದು ಹತ್ತೇ ನಿಮಿಷದ ಫೋನು, ಗೊತ್ತು. ಹತ್ತೂ ನಿಮಿಷ ಅವರ ಜೊತೆಗೇ ಮಾತಾಡಿ.