ತಪ್ಪು ಅಳಿಸುತ್ತಿದ್ದ ಕೈ

ಮಾರ್ಚ್ 28, ಗುರುವಾರ
ಮಧ್ಯಾಹ್ನ, ಅಂಗಡಿಯಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಬೈಯಬೇಡ, ಮೊದಲು ಪೂರ್ತಿ ಓದು. ಶಾಲೆ ಶುರುವಾದ ವಾರ ನಿನ್ನ ಪತ್ರ ಬಂದಿತ್ತು, ಈಗ ಪರೀಕ್ಷೆಯೂ ಮುಗಿದಿದೆ. ನಡುವೆ ನಾಲ್ಕು ಸಲ ಬರೆಯಲು ಕೂತೆ. ಒಂದು ಸಲ ಗಿರಾಕಿ ಬಂದರು, ಇನ್ನೊಂದು ಸಲ ಕರೆಂಟು ಹೋಯಿತು, ಉಳಿದೆರಡು ಸಲ ಸುಮ್ಮನೆ ಕಿಟಕಿ ನೋಡುತ್ತಾ ಕೂತುಬಿಟ್ಟೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಎರಡು ಸಲ ಹತ್ತುವವಳು ನೀನು.

ಇಲ್ಲಿ ಮೂರು ಗಂಟೆಯ ಬಿಸಿಲು ಗಾಜಿನ ಬಾಗಿಲಿನಿಂದ ನುಗ್ಗಿ ಹೊಲಿಗೆ ಯಂತ್ರದ ಪೆಡಲಿನವರೆಗೂ ಬಂದಿದೆ. ಬಟ್ಟೆಯ ಧೂಳು ಅದರಲ್ಲಿ ಮೆಲ್ಲಗೆ ತೇಲುತ್ತಿದೆ. ಈ ಹೊತ್ತಿಗೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಎಲ್ಲೋ ಅಲೆಯುತ್ತಿರುತ್ತದೆ. ನನ್ನ ಮಗಳು ಗುಂಡಿ, ಮೇಜಿನ ಕೆಳಗೆ ಅಂಗಾತ ಮಲಗಿ ಗುಂಡಿಗಳ ಡಬ್ಬಿ ಕೆದಕುತ್ತಿದ್ದಾಳೆ. ಎಂಟು ವರ್ಷವಾಯಿತು, ಆ ಅಡ್ಡಹೆಸರು ಬಿಟ್ಟುಕೊಡಲು ಅವಳೇ ತಯಾರಿಲ್ಲ.

ಅವಳ ವಿಷಯ ಹೇಳಬೇಕೆಂದೇ ಬರೆಯುತ್ತಿದ್ದೇನೆ. ಈ ವರ್ಷ ನಾನೊಂದು ತಪ್ಪು ಮಾಡಿದೆ ಅಕ್ಕ. ಕಸುಬಿನ ಕೈ ಮನೆಯಲ್ಲೂ ಸುಮ್ಮನಿರಲಿಲ್ಲ. ಕೋಟಿನಲ್ಲಿ ತೂತು ಬಿದ್ದರೆ ಅದೇ ಬಣ್ಣದ ಎಳೆ ಹುಡುಕಿ, ಗುರುತೇ ಸಿಗದ ಹಾಗೆ ಕೂರಿಸುವುದು ನನ್ನ ಕೆಲಸ. "ಎಲ್ಲಿ ಹರಿದಿತ್ತು ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಗಿರಾಕಿ ಹೇಳಿದರೆ ಆ ದಿನವೆಲ್ಲ ನನಗೆ ನೆಲದ ಮೇಲೆ ಕಾಲಿರುವುದಿಲ್ಲ. ಗುಂಡಿಯ ಲೆಕ್ಕದ ಪುಸ್ತಕಕ್ಕೂ ಅದನ್ನೇ ಮಾಡಿದೆ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ರಬ್ಬರ್ ತಗೊಂಡು ಕೂರುತ್ತಿದ್ದೆ. ತಪ್ಪಿದ್ದ ಕಡೆ ಅಳಿಸಿ ಸರಿ ಉತ್ತರ ಬರೆಯುತ್ತಿದ್ದೆ. ಅದೂ ಅವಳದೇ ಅಕ್ಷರದಲ್ಲಿ, ಒಂಬತ್ತರ ಹೊಟ್ಟೆ ಸ್ವಲ್ಪ ಸೊಟ್ಟಗೆ, ಎರಡರ ಬಾಲ ಗೆರೆ ದಾಟಿ. ಟೀಚರ್ ಪುಟ ಪುಟಕ್ಕೂ ಸರಿ ಗುರುತು ಹಾಕಿ ಕಳಿಸುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು.

ಗುಂಡಿ ಏನೂ ಕೇಳುತ್ತಿರಲಿಲ್ಲ. ಆದರೆ ಮನೆಯಲ್ಲಿ ಅವಳ ಮಾತು ಕಡಿಮೆಯಾಗುತ್ತಾ ಬಂತು. ಶಾಲೆಯ ದಿನ ಬೆಳಗಾದರೆ ಹೊಟ್ಟೆನೋವು. ಟೀಚರ್ ಹೆದರಿಸಿರಬೇಕು ಎಂದು ನನಗೆ ಸಿಟ್ಟು ನೆತ್ತಿಗೇರಿತು. ಇವರು ಬಸ್ ಡ್ಯೂಟಿ ಮುಗಿಸಿ ಬಂದವರು, "ಮೊದಲು ಕೇಳು, ಆಮೇಲೆ ಜಗಳ ಆಡು" ಎಂದರು. ನಾನು ಅದನ್ನು ತಿರುಗು ಮುರುಗು ಮಾಡಿಕೊಂಡು ಹೋದೆ.

ಶಾಲೆ ಬಿಟ್ಟ ಹೊತ್ತು. ಉದ್ದದ ಪಡಸಾಲೆಯಲ್ಲಿ ಒಬ್ಬರೂ ಇಲ್ಲ. ಯಾರೋ ಮರೆತ ಒಂದು ಸಣ್ಣ ಸ್ವೆಟರ್ ಮೊಳೆಗೆ ನೇತಾಡುತ್ತಿತ್ತು. ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು. ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನೆಷ್ಟು ವರ್ಷದವಳು ಎಂಬುದೇ ಮರೆತುಹೋಯಿತು. ಬಂದ ಕೆಲಸ ಬಿಟ್ಟು ಬಾಗಿಲಲ್ಲೇ ಮಂಕು ಹಿಡಿದವಳಂತೆ ನಿಂತಿದ್ದೆ. ಟೀಚರ್ ಒಳಗಿನಿಂದ ಕರೆದು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂರಿಸಿದರು. ಮೊಣಕಾಲು ಗದ್ದಕ್ಕೆ ತಗುಲುತ್ತಿತ್ತು.

ನಲವತ್ತೆರಡು ಪುಸ್ತಕಗಳ ರಾಶಿಯ ಹಿಂದೆ ಅವರ ಮುಖ ಬಾಡಿತ್ತು. ನಾನು ಬಾಯಿ ತೆಗೆಯುವ ಮೊದಲೇ, "ನೀವೇ ಬಂದ್ರಲ್ಲ, ಒಳ್ಳೇದಾಯ್ತು. ನಿಮ್ಮ ಮಗಳು ಪುಸ್ತಕದಲ್ಲಿ ಎಲ್ಲಾ ಸರಿ ಬರೀತಾಳೆ, ಬೋರ್ಡಿಗೆ ಕರೆದ್ರೆ ಬಾಯೇ ಬಿಡಲ್ಲ. ಹಟ ಅಂದ್ಕೊಂಡು ಎರಡು ಸಲ ಗದರಿದೀನಿ. ನನಗೇ ಸಮಾಧಾನ ಇಲ್ಲ" ಎಂದರು.

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಕನ್ನಡಕ ಒರೆಸಿಕೊಂಡರು. "ಅವಳ ತಪ್ಪು ನನ್ನ ಕೈಗೇ ಸಿಗದ ಹಾಗೆ ಮಾಡಿದ್ರಲ್ಲಮ್ಮ. ಅದನ್ನ ನೋಡಿದ್ರೆ ತಾನೆ ಎಲ್ಲಿ ಅರ್ಥ ಆಗಿಲ್ಲ ಅಂತ ನನಗೆ ತಿಳಿಯೋದು? ಎಲ್ಲರಿಗೂ ಬಂತು ಅಂದ್ಕೊಂಡು ನಾನು ಮುಂದಿನ ಪಾಠಕ್ಕೆ ಹೋಗ್ಬಿಟ್ಟೆ. ಪರೀಕ್ಷೆವರೆಗೂ ಹೀಗೇ ಬಾಯಿ ಮುಚ್ಚಿಕೊಂಡಿದ್ರೆ ಮುಂದಿನ ಕ್ಲಾಸಿಗೆ ಹೇಗೆ ಕಳಿಸ್ಲಿ?"

ಮನೆಗೆ ಬಂದು ಇವರಿಗೆ ಹೇಳಿದರೆ, "ಹಾಗಾದ್ರೆ ಇಷ್ಟು ದಿನ ಮೂರನೇ ಕ್ಲಾಸು ಓದಿದ್ದು ನೀನಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಟೀಚರ್ ನನಗೆ ಕೊಟ್ಟ ಕೆಲಸ ತೀರಾ ಸಣ್ಣದು. ಗುಂಡಿ ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂರಬೇಕು, ಕೈ ಹಾಕಬಾರದು. ಎಲ್ಲಿ ಸಿಕ್ಕಿಕೊಂಡಳೋ ಅಲ್ಲೊಂದು ಪೆನ್ಸಿಲ್ ಚುಕ್ಕೆ ಇಡಬೇಕು. ಮರುದಿನ ಆ ಚುಕ್ಕೆಯ ಕಡೆ ಅವರು ನೋಡುತ್ತಾರೆ. ಅಷ್ಟೇ. ಸೂಜಿಯ ಕಣ್ಣಿಗೆ ದಾರ ಪೋಣಿಸುವುದು ಇದಕ್ಕಿಂತ ಸುಲಭ ಅಕ್ಕ. ರಬ್ಬರ್ ಕಂಡರೆ ಕೈ ತುರಿಸುತ್ತಿತ್ತು, ಕೊನೆಗೆ ಅದನ್ನು ಕಪಾಟಿನ ಮೇಲೆ ಎಸೆದೆ.

ಒಂದು ಸಂಜೆ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದು ಮೂವತ್ತೈದು ಎಂದು ಬರೆದಳು. ನಾನು ಹಲ್ಲು ಕಚ್ಚಿ ಚುಕ್ಕೆ ಇಟ್ಟೆ. "ಹೇಗೆ ಬಂತು ಚಿನ್ನ?" ಎಂದೆ. "ಎರಡರಲ್ಲಿ ಏಳು ಹೋಗಲ್ಲ ಅಮ್ಮ. ಏಳರಲ್ಲಿ ಎರಡು ಹೋಗತ್ತೆ. ಹೋಗೋದನ್ನ ಮಾಡ್ದೆ." ಇಷ್ಟು ಯೋಚನೆಯನ್ನು ನಾನು ದಿನಾ ಬೆಳಿಗ್ಗೆ ಅಳಿಸಿ ಊದಿ ಹಾಕುತ್ತಿದ್ದೆನಲ್ಲ ಅಕ್ಕ.

ಆಮೇಲೆ ಟೀಚರ್ ಇನ್ನೊಂದು ಶುರು ಮಾಡಿದರು. ಶನಿವಾರದ ಕೊನೆಯ ಪೀರಿಯಡ್‌ಗೆ ಒಬ್ಬರ ಅಪ್ಪನೋ ಅಮ್ಮನೋ ಬಂದು ತಮ್ಮ ಕೆಲಸದಲ್ಲಿ ಆದ ಒಂದು ತಪ್ಪನ್ನು ತೋರಿಸಬೇಕು. ಬಡಗಿಯೊಬ್ಬರು ಒಂದು ಕಾಲು ಗಿಡ್ಡವಾದ ಸ್ಟೂಲ್ ತಂದು, ಅದರ ಮೇಲೆ ತಾವೇ ಕೂತು ಅಲ್ಲಾಡಿದರಂತೆ. ನಾನು ಎಡತೋಳನ್ನು ಬಲಕ್ಕೆ ಕೂರಿಸಿದ್ದ ಕೋಟು ತಗೊಂಡು ಹೋಗಿ, ಹಾಕಿಕೊಂಡು ನಿಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. "ಬಿಚ್ಚೋಕೆ ಎಷ್ಟು ಹೊತ್ತು ಬೇಕು?" ಎಂದು ಒಬ್ಬಳು ಕೇಳಿದಳು. ಹೊಲಿದದ್ದಕ್ಕಿಂತ ಜಾಸ್ತಿ ಎಂದೆ.

ಆಗ ಗುಂಡಿ ಕೈ ಎತ್ತಿದಳು. ಯಾರೂ ಕರೆದಿರಲಿಲ್ಲ. ಬೋರ್ಡಿಗೆ ಹೋಗಿ ಅದೇ ಐವತ್ತೆರಡು, ಇಪ್ಪತ್ತೇಳು ಬರೆದು, ಕೆಳಗೆ ಮೂವತ್ತೈದು ಎಂದು ಬರೆದಳು. ಕಿಟಕಿಯ ಬಿಸಿಲಲ್ಲಿ ಸೀಮೆಸುಣ್ಣದ ಪುಡಿ ಅವಳ ತಲೆಯ ಸುತ್ತ ತೇಲುತ್ತಿತ್ತು. ಡಸ್ಟರ್ ನನ್ನ ಪಕ್ಕದಲ್ಲೇ ಇತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. "ನಾನು ದಿನಾ ಹೀಗೇ ಮಾಡ್ತಿದ್ದೆ" ಎಂದು ಎರಡರಲ್ಲಿ ಏಳು ಹೋಗದ ಕಥೆಯನ್ನೆಲ್ಲ ಗಟ್ಟಿಯಾಗಿ ಹೇಳಿದಳು. ಹಿಂದಿನ ಬೆಂಚಿನಿಂದ "ನಾನೂ!" ಎಂದು ಒಂದು ದನಿ. ಆಮೇಲೆ ಇನ್ನೊಂದು, ಮತ್ತೊಂದು. ಹದಿನಾಲ್ಕು ಕೈ ಎಣಿಸಿದರು ಟೀಚರ್. ಸೋಮವಾರ ಆ ಪಾಠವನ್ನು ಮೊದಲಿನಿಂದ ಮಾಡಿದರಂತೆ.

ಪರೀಕ್ಷೆಯಲ್ಲಿ ಅವಳಿಗೆ ಲೆಕ್ಕದಲ್ಲಿ ಐವತ್ತಕ್ಕೆ ಮೂವತ್ತೊಂದು ಬಂದಿದೆ. ಮುಂದಿನ ಕ್ಲಾಸಿಗೆ ಹೋಗುತ್ತಾಳೆ. ಹೊಟ್ಟೆನೋವು ಎಂದೋ ನಿಂತಿದೆ, ಈಗ ಬಾಯಿ ನಿಲ್ಲಿಸುವುದೇ ಕಷ್ಟ. ಟೀಚರ್‌ಗೆ ಕೈ ಮುಗಿದರೆ, "ನೀವು ಚುಕ್ಕೆ ಇಟ್ರಿ, ನನಗೆ ಅರ್ಧ ಕೆಲಸ ಉಳೀತು" ಎಂದರು.

ರಜೆಯಲ್ಲಿ ಗುಂಡಿಯನ್ನು ನಿನ್ನ ಹತ್ತಿರ ಕರೆದುಕೊಂಡು ಬರುತ್ತೇನೆ. ಅವಳ ತಲೆ ಮೇಲೆ ನಿನ್ನ ಕೈ ಇಡು, ನನ್ನ ತಲೆ ಮೇಲೂ. ಎಣ್ಣೆ ಹಚ್ಚಿ ಕಾಲು ನೀಡಿ ಕೂತಿರು, ನಾವು ಬರುವಷ್ಟರಲ್ಲಿ ಮನೆಯೆಲ್ಲ ಒರೆಸಿ ಇಡಬೇಡ.

ಇಂತಿ ನಿನ್ನ ಮಡಿಲಲ್ಲಿ ಬೆಳೆದ
ತಂಗಿ

ಮತ್ತೆ: ಪತ್ರ ಮಡಚಿದ್ದೆ, ಪುನಃ ಬಿಚ್ಚಿದೆ. ಆ ದಿನ ಪುಟ್ಟ ಕುರ್ಚಿಯಲ್ಲಿ ಕೂತಿದ್ದಾಗ ಟೀಚರ್, "ನೀವು ಓದುವಾಗ ಮನೆಯಿಂದ ಶಾಲೆಗೆ ಯಾರು ಬರ್ತಿದ್ರು?" ಎಂದು ಕೇಳಿದರು. ಅಮ್ಮ ತೀರಿಹೋಗಿದ್ದಳು, ನಮ್ಮಕ್ಕ ಬರುತ್ತಿದ್ದಳು ಎಂದೆ. "ಅಕ್ಕನಿಗೆ ಯಾರು ಬರ್ತಿದ್ರು?" ಎಂದರು. ಆಗ ನೀನೇ ಎಂಟನೇ ಕ್ಲಾಸಿನಲ್ಲಿದ್ದೆ. ದೊಡ್ಡವಳ ಹಾಗೆ ಕಾಣಲಿ ಎಂದು ಅಮ್ಮನ ಚೀಲ ಹೆಗಲಿಗೆ ಹಾಕಿಕೊಂಡು, ನಿನ್ನ ಪಾಠ ಬಿಟ್ಟು ಬಂದು, ನನ್ನ ಟೀಚರ್ ಎದುರು ಕೂರುತ್ತಿದ್ದೆ. ಆ ವರ್ಷ ಮುಗಿಯುವ ಮೊದಲೇ ನೀನು ಶಾಲೆ ಬಿಟ್ಟೆ. "ಅವಳಿಗೆ ವಿದ್ಯೆ ಹತ್ತಲಿಲ್ಲ" ಎಂದರು ಅಪ್ಪ. ನಾನೂ ಇಷ್ಟು ವರ್ಷ ಎಲ್ಲರ ಹತ್ತಿರ ನಗುನಗುತ್ತಾ ಹಾಗೇ ಹೇಳಿಕೊಂಡು ಬಂದೆ, ಗುಂಡಿಯ ಹತ್ತಿರ ಕೂಡ. ನಿನ್ನನ್ನು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ ಅಕ್ಕ. ನೀನು ಶಾಲೆ ಬಿಟ್ಟ ದಿನ ನಿಮ್ಮ ತರಗತಿಯಲ್ಲಿ ಯಾವ ಪಾಠ ನಡೆಯುತ್ತಿತ್ತು?